ಊಟದ ಲೆಕ್ಕಕ್ಕೆ ಬಾರದ ಎಳನೀರು

ಹೊನ್ನವಳ್ಳಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಊರಿಗೆ ಅದನ್ನು ಸಾರಿ ಹೇಳಬೇಕಾಗಿಲ್ಲ. ಆ ಮನೆಯ ಜಗಲಿಯ ಮೂಲೆ ನೋಡಿದರೆ ಸಾಕು. ಅಲ್ಲಿ ಎಳನೀರು ರಾಶಿ ಬಿದ್ದಿದ್ದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಜ್ವರ ಬಂದವರಿಗೂ ಎಳನೀರು, ವಾಂತಿಯಾದವರಿಗೂ ಎಳನೀರು, ಮರದಿಂದ ಬಿದ್ದು ಕಾಲು ಮುರಿದುಕೊಂಡವನಿಗೂ ಎಳನೀರು. ಬರಿಗೈಯಲ್ಲಿ ರೋಗಿಯನ್ನು ನೋಡಲು ಹೋದವನ ಬಗ್ಗೆ ಜನ ಆಮೇಲೆ ಬಾವಿಕಟ್ಟೆಯ ಹತ್ತಿರ ಆಡಿಕೊಳ್ಳುತ್ತಾರೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಾವಿರದ ಒಂಬೈನೂರ ಎಂಬತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಆ ರಾಶಿ ಪುಟ್ಟಗೌರಮ್ಮನ ಮನೆಯ ಜಗಲಿಯ ಮೇಲೆ ಬಿದ್ದಿತ್ತು. ಒಳಗೆ ಮಲಗಿದ್ದವನು ಅವಳ ಗಂಡ ನಂಜುಂಡಪ್ಪ.

ನಂಜುಂಡಪ್ಪನಿಗೆ ಐವತ್ತು ದಾಟಿತ್ತು. ಮೂರು ಎಕರೆ ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ, ಕೊಟ್ಟಿಗೆಯಲ್ಲಿ ಎರಡು ಹಸು. ರಕ್ತದೊತ್ತಡ ಇದೆ ಎಂದು ತಿಪಟೂರಿನ ಡಾಕ್ಟರು ಎಂದೋ ಹೇಳಿದ್ದರು. ಇವನು ಒಂದು ತಿಂಗಳು ಮಾತ್ರೆ ನುಂಗಿ, “ನಂಗೇನಾಗೈತೆ, ಗುಂಡ್ಕಲ್ಲಂಗಿವ್ನಿ” ಎಂದು ಬಿಟ್ಟುಬಿಟ್ಟಿದ್ದ. ಆ ವರ್ಷ ಮೊದಲು ಪಾದ ಊದಿತು, ಆಮೇಲೆ ಮುಖ ಊದಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ, ಎರಡೂ ಕಿಡ್ನಿ ಮುಕ್ಕಾಲು ಪಾಲು ಕೆಲಸ ನಿಲ್ಲಿಸಿವೆ ಎಂದರು. ಹತ್ತು ದಿನ ಇಟ್ಟುಕೊಂಡು, ಊತ ಇಳಿಸಿ, ಮನೆಗೆ ಕಳಿಸುವ ದಿನ ಡಾಕ್ಟರು ಚೀಟಿಯ ಕೆಳಗೆ ಒಂದು ಸಾಲು ಬರೆದು ಅದರಡಿ ಗೆರೆ ಎಳೆದರು.

“ಉಪ್ಪು ಕಡಿಮೆ ಮಾಡಿ. ನೀರು ದಿನಕ್ಕೆ ಒಂದು ಚೊಂಬು, ಅಷ್ಟೇ. ಹೊರಡೋಕೆ ಮುಂಚೆ ಕೆಳಗಡೆ ಹನ್ನೆರಡನೇ ರೂಮಿನಲ್ಲಿ ಡಯಟೀಷಿಯನ್ ಇದ್ದಾರೆ, ಅವರನ್ನ ನೋಡಿಕೊಂಡೇ ಹೋಗಿ. ಮರೀಬೇಡಿ,” ಎಂದರು.

“ಅವರು ಏನ್ ಮಾಡ್ತಾರೆ ಸ್ವಾಮಿ?” ಎಂದಳು ಪುಟ್ಟಗೌರಮ್ಮ.

“ಇವರು ಏನು ತಿನ್ನಬೇಕು, ಏನು ತಿನ್ನಬಾರದು, ಎಷ್ಟು ತಿನ್ನಬೇಕು ಅಂತ ಹೇಳಿಕೊಡ್ತಾರೆ.”

ಜೊತೆಗೆ ಬಂದಿದ್ದವಳು ನಂಜುಂಡಪ್ಪನ ಅಕ್ಕ ತಿಮ್ಮಕ್ಕ. ಅವಳನ್ನು ದಂಡಿನಶಿವರಕ್ಕೆ ಕೊಟ್ಟಿತ್ತು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನ ವಿಷಯಕ್ಕೆ ಅವಳದೇ ಕೊನೆಯ ಮಾತು.

“ಕೇಳ್ದೇನೇ ಗೌರಿ? ಉಣ್ಣಾದು ಹೇಳ್ಕೊಡಕ್ಕೂ ಒಬ್ರು ಅವ್ರಂತೆ!” ಎಂದು ತಿಮ್ಮಕ್ಕ ಮೆಟ್ಟಿಲಿಳಿಯುತ್ತಲೇ ನಕ್ಕಳು. “ಮೂವತ್ತು ವರ್ಸ ಇವ್ನಿಗೆ ಮುದ್ದೆ ತಿರುವಿ ಇಕ್ಕಿದೀಯ. ಈಗ ಪಟ್ಟಣದ ಹುಡ್ಗಿ ಬಂದು ನಿಂಗೆ ಅಡ್ಗೆ ಕಲಿಸ್ಬೇಕಾ? ಬುಡು ಬುಡು, ರೈಲಿಗೆ ಒತ್ತಾಯ್ತು.”

ಹನ್ನೆರಡನೇ ರೂಮಿನ ಮುಂದೆ ಬೆಂಚಿನ ಮೇಲೆ ಐದಾರು ಜನ ಕೂತಿದ್ದರು. ಪುಟ್ಟಗೌರಮ್ಮ ಒಂದು ಗಳಿಗೆ ನಿಂತಳು. ಅಷ್ಟು ಹೊತ್ತು ಕಾಯುವುದೇ ಎನ್ನಿಸಿತು. ಆ ಬಾಗಿಲನ್ನು ದಾಟಿಕೊಂಡೇ ಮೂವರೂ ಹೊರಗೆ ಹೋದರು. ನಮಗೂ ತಿಮ್ಮಕ್ಕನ ಮೇಲೆ ಸಿಟ್ಟು ಬರುತ್ತದೆ, ನಿಜ. ಆದರೆ ಅಂದು ಅವಳ ಜಾಗದಲ್ಲಿದ್ದರೆ ನಾವೂ ಅದೇ ಮಾತು ಆಡುತ್ತಿದ್ದೆವು.

ಊರಿಗೆ ಬಂದ ಮೇಲೆ ಪುಟ್ಟಗೌರಮ್ಮ ಡಾಕ್ಟರ ಮಾತನ್ನು ಚಾಚೂ ತಪ್ಪಲಿಲ್ಲ. ಸಾರಿಗೆ ಉಪ್ಪು ಅರ್ಧ ಮಾಡಿದಳು. ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದಳು. ನೀರನ್ನು ಚೊಂಬಿನಲ್ಲಿ ಅಳೆದೇ ಕೊಟ್ಟಳು. ಅದರ ಜೊತೆಗೆ ಬೆಳಿಗ್ಗೆ ಎರಡು ಎಳನೀರು, ಸಂಜೆ ಎರಡು ಎಳನೀರು. ಬಾವಿ ಪಕ್ಕದ ಮರದ ಎಳನೀರು ಜೇನಿನಷ್ಟು ಸಿಹಿ. ಪಕ್ಕದ ಮನೆಯ ಹುಚ್ಚಣ್ಣ ಆ ಮರ ಹತ್ತಿ ಗೊನೆ ಇಳಿಸಿಕೊಡುತ್ತಿದ್ದ. ನೋಡಲು ಬಂದವರು ತಾವು ತಂದದ್ದನ್ನು ತಾವೇ ಕೆತ್ತಿ, “ನನ್ ಕೈಲೊಂದು ಕುಡೀಲೇಬೇಕು” ಎಂದು ಹಟ ಹಿಡಿಯುತ್ತಿದ್ದರು. ಎಳನೀರು ಊಟವಲ್ಲ, ಹಾಗಾಗಿ ಊಟದ ಲೆಕ್ಕಕ್ಕೆ ಬರಲಿಲ್ಲ. ಬಾವಿಯ ನೀರೂ ಅಲ್ಲ, ಹಾಗಾಗಿ ಚೊಂಬಿನ ಲೆಕ್ಕಕ್ಕೂ ಬರಲಿಲ್ಲ.

“ಕಿಡ್ನಿ ತೊಳ್ದಂಗಾಯ್ತದೆ. ಎಷ್ಟು ಕುಡಿದ್ರೆ ಅಷ್ಟು ಒಳ್ಳೇದು,” ಎಂದು ತಿಮ್ಮಕ್ಕ ದಂಡಿನಶಿವರಕ್ಕೆ ಹೊರಡುವಾಗ ಹೇಳಿ ಹೋಗಿದ್ದಳು.

ಎಂಟನೇ ದಿನ ನಂಜುಂಡಪ್ಪ, “ಕಾಲಲ್ಲಿ ಶಕ್ತೀನೇ ಇಲ್ಲ ಕಣೇ,” ಎಂದ. ಪುಟ್ಟಗೌರಮ್ಮ ಇನ್ನೊಂದು ಎಳನೀರು ಹೆಚ್ಚು ಮಾಡಿದಳು. ಹತ್ತನೇ ದಿನ ಕೂತಲ್ಲಿಂದ ಏಳಲು ಅವನಿಗೆ ಹುಚ್ಚಣ್ಣನ ಕೈ ಬೇಕಾಯಿತು. ಪುಟ್ಟಗೌರಮ್ಮ ಎಳನೀರಿನ ಜೊತೆ ಬುರುಡೆಯೊಳಗಿನ ಎಳೆ ತಿರುಳು, ಗಂಜಿಯನ್ನೂ ಕೆರೆದು ತಿನ್ನಿಸಿದಳು. ಹನ್ನೆರಡನೇ ದಿನ ಬೆಳಿಗ್ಗೆ, ಆ ದಿನದ ಎರಡನೇ ಎಳನೀರು ಕುಡಿದು ಲೋಟ ಕೆಳಗಿಟ್ಟವನು, “ಎದೆ ಏನೋ ಆಯ್ತೈತೆ” ಎಂದು ಗೋಡೆಗೆ ಒರಗಿದ. ಹಾಗೇ ಪಕ್ಕಕ್ಕೆ ವಾಲಿದ.

ಪುಟ್ಟಗೌರಮ್ಮ ಅವನ ಎದೆಯ ಮೇಲೆ ಕೈಯಿಟ್ಟಳು. ಬಡಿತ ಸಿಗಲಿಲ್ಲ. ಆಮೇಲೆ ಒಂದು ಸಿಕ್ಕಿತು. ಅದಾದ ಮೇಲೆ ಎಷ್ಟೋ ಹೊತ್ತಿಗೆ ಇನ್ನೊಂದು. ಅವಳು ಕೂಗಿದ ಕೂಗಿಗೆ ಬೀದಿಯೇ ಓಡಿ ಬಂತು.

ಹುಚ್ಚಣ್ಣ ಕಾರು ಗೊತ್ತು ಮಾಡಿದ. ತಿಪಟೂರಿನ ಡಾಕ್ಟರು ನಾಡಿ ನೋಡಿದವರೇ ಬಣ್ಣಗೆಟ್ಟರು. ಒಂದು ಇಂಜೆಕ್ಷನ್ ಕೊಟ್ಟು, “ಎಲ್ಲೂ ನಿಲ್ಲಿಸಬೇಡಿ” ಎಂದು ಅದೇ ಕಾರಿನಲ್ಲಿ ಬೆಂಗಳೂರಿಗೆ ಕಳಿಸಿದರು. ಹೊರಡುವ ಗಡಿಬಿಡಿಯಲ್ಲಿ ಪುಟ್ಟಗೌರಮ್ಮನಿಗೆ ಸೆರಗು ಸರಿಮಾಡಿಕೊಳ್ಳಲೂ ನೆನಪಿರಲಿಲ್ಲ. ಆದರೆ ಜಗಲಿಯಿಂದ ನಾಲ್ಕು ಎಳನೀರನ್ನು ಚೀಲಕ್ಕೆ ಹಾಕಿಕೊಳ್ಳಲು ಮರೆತಿರಲಿಲ್ಲ.

ನಂಜುಂಡಪ್ಪ ಬದುಕಿದ. ಆ ರಾತ್ರಿಯೆಲ್ಲ ಆಸ್ಪತ್ರೆಯವರು ಅವನ ಸುತ್ತಲೇ ಇದ್ದರು. ಎರಡನೇ ದಿನ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹಿಡಿದು ಕರೆದ. ರಕ್ತದಲ್ಲಿ ಪೊಟ್ಯಾಷಿಯಂ ಎನ್ನುವ ಸತ್ವ ಏರಬಾರದಷ್ಟು ಏರಿತ್ತು, ಅದೇ ಎದೆಬಡಿತ ನಿಲ್ಲಿಸಲು ಹೊರಟಿತ್ತು ಎಂದು ಡಾಕ್ಟರು ಹೇಳಿದರು. ಅದು ಎಲ್ಲಿಂದ ಅಷ್ಟು ಬಂತು ಎಂದು ಗೊತ್ತಾಗದೆ ಅವನನ್ನು ಮನೆಗೆ ಕಳಿಸುವ ಹಾಗಿರಲಿಲ್ಲ.

ಆ ಮಧ್ಯಾಹ್ನ ಹಾಸಿಗೆಯ ಹತ್ತಿರ ಒಬ್ಬ ಹೆಂಗಸು ಬಂದು ಸ್ಟೂಲ್ ಎಳೆದುಕೊಂಡು ಕೂತರು. ಬಿಳಿ ಕೋಟು, ಅದರೊಳಗೆ ಹತ್ತಿ ಸೀರೆ, ಕೈಯಲ್ಲಿ ಒಂದು ನೋಟ್ ಬುಕ್ಕು, ಒಂದು ಸ್ಟೀಲ್ ಲೋಟ, ಎರಡು ಚಮಚ. ವಯಸ್ಸು ಮೂವತ್ತರ ಒಳಗೆ.

“ನನ್ನ ಹೆಸರು ಶಾಂತಕುಮಾರಿ ಅಂತಮ್ಮ. ಇಲ್ಲಿ ಡಯಟೀಷಿಯನ್. ಹನ್ನೆರಡನೇ ರೂಮಿನೋಳು.”

ಪುಟ್ಟಗೌರಮ್ಮ ತಲೆ ತಗ್ಗಿಸಿದಳು. ಆ ಬೆಂಚು ಕಣ್ಣ ಮುಂದೆ ಬಂತು.

ಶಾಂತಕುಮಾರಿ ಹಳೆಯದನ್ನು ಎತ್ತಲಿಲ್ಲ. “ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಯಜಮಾನರ ಬಾಯಿಗೆ ಏನೇನು ಹೋಗುತ್ತೆ ಅಂತ ನಿಧಾನಕ್ಕೆ ಹೇಳಿ. ಅವಸರ ಇಲ್ಲ,” ಎಂದರು.

ಪುಟ್ಟಗೌರಮ್ಮ ಹೇಳಿದಳು. ಮುದ್ದೆ ಎಷ್ಟು ದಪ್ಪ ಎಂದು ಕೇಳಿದರೆ ಎರಡು ಕೈ ಸೇರಿಸಿ ತೋರಿಸಿದಳು. ಸಾರು ಎಷ್ಟು ಎಂದರೆ ಲೋಟದ ಮೇಲೆ ಬೆರಳಿಟ್ಟು ತೋರಿಸಿದಳು. ಮಜ್ಜಿಗೆ, ಅನ್ನ, ಹುರುಳಿಕಾಳು, ಸೊಪ್ಪು. ಉಪ್ಪು ಅರ್ಧ ಮಾಡಿದ್ದನ್ನು ಎರಡು ಸಲ ಹೇಳಿದಳು. ಶಾಂತಕುಮಾರಿ ಎಲ್ಲವನ್ನೂ ಬರೆದುಕೊಂಡು, ಪಕ್ಕದಲ್ಲಿ ಏನೇನೋ ಅಂಕಿ ಹಾಕಿ ಕೂಡಿದರು. ಹುಬ್ಬು ಗಂಟಿಕ್ಕಿದರು.

“ಇಷ್ಟರಿಂದ ರಕ್ತದಲ್ಲಿ ಅಷ್ಟು ಏರಲ್ಲಮ್ಮ. ಇನ್ನೇನೋ ಹೋಗಿದೆ.”

“ಇನ್ನೇನೂ ಕೊಟ್ಟಿಲ್ಲ ಕಣ್ರೀ. ದೇವ್ರಾಣೆ!”

“ಬಾಳೆಹಣ್ಣು? ನಾಟಿ ಔಷಧಿ?”

“ಏನೂ ಇಲ್ಲ. ಬೇಕಾದ್ರೆ ಅವ್ರನ್ನೇ ಕೇಳಿ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮಲಗಿದ್ದ ನಂಜುಂಡಪ್ಪನೂ ಹೌದೆಂದು ತಲೆಯಾಡಿಸಿದ. ಶಾಂತಕುಮಾರಿ ಪೆನ್ನು ಮುಚ್ಚಿಟ್ಟು, ಪಟ್ಟಾಂಗಕ್ಕೆ ಕೂತವರ ಹಾಗೆ ಕೇಳಿದರು.

“ನಿಮ್ಮದು ಯಾವೂರಮ್ಮ?”

“ಹೊನ್ನವಳ್ಳಿ. ತಿಪಟೂರು ತಾಲ್ಲೂಕು.”

“ಹೌದಾ! ನಮ್ಮ ತಾಯಿ ಊರು ಚಿಕ್ಕನಾಯಕನಹಳ್ಳಿ. ಅಲ್ಲಾ, ಇವರು ಆಸ್ಪತ್ರೆಯಿಂದ ಬಂದ್ರು ಅಂತ ಗೊತ್ತಾದ ಮೇಲೆ ನೋಡೋಕೆ ಜನ ಬಂದಿರಬೇಕಲ್ಲ?”

ಪುಟ್ಟಗೌರಮ್ಮನ ಮುಖ ಅರಳಿತು. “ಬರ್ದೆ ಇರ್ತಾರಾ? ಊರಿಗೂರೇ ಬಂದಿತ್ತು. ಕಿಬ್ಬನಳ್ಳಿ ನೆಂಟ್ರೂ ಬಂದಿದ್ರು.”

“ಬರಿಗೈಲಿ ಬಂದ್ರಾ?”

“ಅಯ್ಯೋ, ಬರಿಗೈಲಿ ಯಾರ್ ಬತ್ತಾರೆ? ಎಳನೀರು ತಂದಿದ್ರು.”

ಶಾಂತಕುಮಾರಿ ಎದ್ದು ನಿಂತರು.

“ದಿನಕ್ಕೆ ಎಷ್ಟು ಕುಡಿಸಿದ್ರಿ?”

“ನಾಲ್ಕೈದು. ಒಂದೊಂದ್ ದಿನ ಆರು.”

“ಇಲ್ಲಿಗೆ? ಇಲ್ಲಿಗೂ ತಂದಿದ್ದೀರಾ?”

ಪುಟ್ಟಗೌರಮ್ಮನಿಗೆ ಏನೊಂದೂ ಅರ್ಥವಾಗಲಿಲ್ಲ. ಬಗ್ಗಿ ಮಂಚದ ಕೆಳಗಿನ ಚೀಲ ಎಳೆದಳು. ಮೂರು ಎಳನೀರು ಇದ್ದವು. ನಾಲ್ಕನೆಯದರ ನೀರು ಕಿಟಕಿಯ ಮೇಲೆ ಲೋಟದಲ್ಲಿ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಹೊರಗೆ ಎಳನೀರು ಮಾರುವವನ ಹತ್ತಿರ ಬೇಡಿಕೊಂಡು ಕೆತ್ತಿಸಿ ತಂದಿದ್ದಳು.

ಶಾಂತಕುಮಾರಿ ಆ ಲೋಟವನ್ನು ತಟ್ಟನೆ ಎತ್ತಿಕೊಂಡರು. “ಇದರಲ್ಲಿ ಕುಡಿಸಿದ್ರಾ? ಹೇಳೀಮ್ಮ, ಬೇಗ!”

“ಇಲ್ಲ... ನೀವು ಹೋದ್ಮ್ಯಾಕೆ ಕುಡಿಸನಾ ಅಂತಿದ್ದೆ.”

ಶಾಂತಕುಮಾರಿ ಉಸಿರು ಬಿಟ್ಟು ಮತ್ತೆ ಕೂತರು. ಲೋಟವನ್ನು ಮಾತ್ರ ಕೈಯಿಂದ ಬಿಡಲಿಲ್ಲ.

“ಕೇಳೀಮ್ಮ. ಎಳನೀರಿನ ತುಂಬ ಪೊಟ್ಯಾಷಿಯಂ ಇರುತ್ತೆ. ನಾವು ನೀವು ಕುಡಿದರೆ ಬೇಕಾದಷ್ಟು ಮೈಗೆ ಹಿಡಿದು, ಮಿಕ್ಕಿದ್ದನ್ನ ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಇವರ ಕಿಡ್ನಿಗೆ ಹೊರಗೆ ಹಾಕೋ ಶಕ್ತಿ ಇಲ್ಲ. ಕುಡಿದದ್ದೆಲ್ಲ ರಕ್ತದಲ್ಲೇ ನಿಂತುಕೊಳ್ತು. ಮೊದಲು ಕೈಕಾಲು ಸೋತವು. ಆಮೇಲೆ ಎದೆ.”

“ಎಳನೀರಾ?” ಎಂದಳು ಪುಟ್ಟಗೌರಮ್ಮ. ನಗು ಬಂದ ಹಾಗಾಯಿತು. “ಎಳನೀರಾ ತಾಯಿ? ಹಸುಗೂಸಿಗೂ ಕುಡಿಸ್ತೀವಿ!”

“ಹೌದಮ್ಮ. ಎಳನೀರು ಕೆಟ್ಟದ್ದಲ್ಲ. ಇವರ ಮೈಗೆ ಮಾತ್ರ ಅದು ವಿಷ.”

ವಿಷ ಎನ್ನುವ ಮಾತು ಕಿವಿಗೆ ಬಿತ್ತು. ಪುಟ್ಟಗೌರಮ್ಮ ಗಂಡನ ಮುಖ ನೋಡಿದಳು. ಕಾಲಲ್ಲಿ ಶಕ್ತಿ ಇಲ್ಲ ಎಂದಾಗ ಒಂದು ಹೆಚ್ಚು ಮಾಡಿದ್ದು ನೆನಪಾಯಿತು. ಗಂಜಿ ಕೆರೆದು ತಿನ್ನಿಸಿದ್ದು ನೆನಪಾಯಿತು. ಬೇಡ ಎಂದು ಮುಖ ತಿರುಗಿಸಿದ ದಿನ ಮಗುವಿಗೆ ಹೇಳಿದ ಹಾಗೆ ಹೇಳಿ, ತಲೆ ಎತ್ತಿ ಹಿಡಿದು ಕುಡಿಸಿದ್ದೂ ನೆನಪಾಯಿತು.

“ಹಂಗಾದ್ರೆ ನಾನೇ...” ಎಂದಳು. ಕೂತಲ್ಲೇ ಕೂತು ತನ್ನ ಎರಡು ಕೈಗಳನ್ನೂ ನೋಡಿಕೊಂಡಳು.

ಶಾಂತಕುಮಾರಿ ಅವಳ ಕೈ ಹಿಡಿದುಕೊಂಡರು. “ನೀವು ತಿಳಿದು ಮಾಡಿದ್ದಲ್ಲಮ್ಮ. ನಿಮಗೆ ಯಾರೂ ಹೇಳಿರಲಿಲ್ಲ. ಈಗ ಗೊತ್ತಾಯ್ತಲ್ಲ, ಇನ್ನು ಇವರನ್ನ ಕಾಯೋರೂ ನೀವೇ.”

ಪುಟ್ಟಗೌರಮ್ಮ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು. “ಇದ್ನೆಲ್ಲ ತಿಳ್ಕಣಕ್ಕೆ ಅಂತಾನೇ ಓದಿದೀರಾ ತಾಯಿ?”

“ಹೂನಮ್ಮ. ಡಿಗ್ರಿ ಆದ ಮೇಲೆ ಇದಕ್ಕೇ ಮತ್ತೆ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮಾಡಿದ್ದೀನಿ. ಅಡುಗೆ ಕಲಿಸೋದು ನನ್ನ ಕೆಲಸ ಅಲ್ಲ. ನಿಮ್ಮ ಹಾಗೆ ಮುದ್ದೆ ತಿರುವೋಕೆ ನನಗೆ ಬರೋದೂ ಇಲ್ಲ. ಡಾಕ್ಟರು ಔಷಧಿ ಬರೀತಾರೆ. ರಕ್ತ ಪರೀಕ್ಷೆ ನೋಡಿ, ಯಾವ ಆಹಾರ ಈ ಕಾಯಿಲೆಗೆ ಆಗುತ್ತೆ, ಯಾವುದು ಆಗಲ್ಲ, ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಅದನ್ನ ನಿಮ್ಮ ಮನೇಲಿ ಸಿಗೋ ಸಾಮಾನಿನಲ್ಲೇ ಹೊಂದಿಸಿಕೊಡೋದು ನನ್ನ ಕೆಲಸ.”

ಆಮೇಲೆ ಮೂರು ದಿನ ಅವರು ಬಂದು ಕೂತರು. ಮುದ್ದೆ ಬಿಡಿಸಲಿಲ್ಲ, ಚಿಕ್ಕದು ಮಾಡಿದರು. ರಾತ್ರಿಗೆ ಅನ್ನವೇ ಇರಲಿ ಎಂದರು. ಬಾಳೆಹಣ್ಣು ಬೇಡ, ಕೊಬ್ಬರಿ ಬೇಡ ಎಂದರು. ತೆಂಗಿನ ತೋಟದ ಒಡೆಯನಿಗೆ ಕೊಬ್ಬರಿ ಬೇಡ ಎಂದಾಗ ನಂಜುಂಡಪ್ಪ ಕಣ್ಣು ಮುಚ್ಚಿಕೊಂಡ. ಇನ್ನೊಂದು ಮಾತಿಗಂತೂ ಪುಟ್ಟಗೌರಮ್ಮ ಹೌಹಾರಿದಳು.

“ತರಕಾರಿ, ಸೊಪ್ಪು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದುಬಿಡಿ. ಆ ನೀರನ್ನ ಇವರಿಗೆ ಕೊಡಬೇಡಿ.”

“ಬಸ್ದಿದ್ ನೀರಲ್ಲೇ ಅಲ್ವಾ ಬಸ್ಸಾರು ಮಾಡಾದು? ಸತ್ವ ಎಲ್ಲಾ ಅದ್ರಾಗೇ ಇರ್ತದೆ!”

“ಅದಕ್ಕೇ ಬೇಡ ಅಂದಿದ್ದು. ಆ ಸತ್ವವೇ ಇವರಿಗೆ ಆಗಲ್ಲ. ನೀವು ಮಿಕ್ಕೋರು ಬಸ್ಸಾರು ಮಾಡಿಕೊಂಡು ಉಣ್ಣಿ. ಇವರಿಗೆ ಬಸಿದ ಸೊಪ್ಪಿನ ಪಲ್ಯ ಸಾಕು.”

ಪುಟ್ಟಗೌರಮ್ಮನಿಗೆ ಓದು ಅಷ್ಟಕ್ಕಷ್ಟೇ. ಶಾಂತಕುಮಾರಿ ದೊಡ್ಡ ಹಾಳೆಯಲ್ಲಿ ಚಿತ್ರ ಬರೆದುಕೊಟ್ಟರು. ಸೂರ್ಯ ಹುಟ್ಟುವ ಚಿತ್ರದ ಪಕ್ಕ ಬೆಳಗಿನ ತಿಂಡಿ, ನೆತ್ತಿಯ ಸೂರ್ಯನ ಪಕ್ಕ ಮಧ್ಯಾಹ್ನದ ಊಟ, ಚಂದ್ರನ ಪಕ್ಕ ರಾತ್ರಿಯದು. ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಎಳನೀರು ಬರೆದು, ಅದರ ಮೇಲೆ ಅಡ್ಡ ಗೆರೆ ಎಳೆದರು. ಊರಿಗೆ ಮರಳಿದ ಕೂಡಲೇ ಪುಟ್ಟಗೌರಮ್ಮ ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅನ್ನದ ಗಂಜಿ ಹಚ್ಚಿ ಅಂಟಿಸಿದಳು. ಜಗಲಿಯ ರಾಶಿಯನ್ನು ಬೀದಿಯ ಮಕ್ಕಳಿಗೆ ಹಂಚಿದಳು.

ಮಾರನೇ ದಿನ ಹುಚ್ಚಣ್ಣ ಕಾಗದ ಪೆನ್ಸಿಲ್ ಹಿಡಿದು ಬಂದ. “ಗೌರಕ್ಕಾ, ಆ ಚೀಟಿ ನಾನೂ ಬರ್ಕತೀನಿ. ನಂಗೂ ಸಕ್ಕರೆ ಕಾಯ್ಲೆ ಐತಲ್ಲ, ಒಂದೇ ಖರ್ಚಲ್ಲಿ ಇಬ್ರಿಗೂ ಆಯ್ತದೆ.”

“ಬ್ಯಾಡ ಕಣಪ್ಪ. ಇದು ಇವ್ರ ಕಿಡ್ನಿಗೆ, ಇವ್ರ ರಕ್ತ ನೋಡಿ ಬರ್ದಿರಾದು. ಇವ್ರಿಗೆ ಆಗ್ದಿರಾದು ನಿಂಗೆ ಬೇಕಾಗಿರ್ಬೋದು. ನೀನೂ ಹೋಗಿ ತೋರಿಸ್ಕಂಡು ನಿಂದೇ ಬರೆಸ್ಕ,” ಎಂದಳು ಪುಟ್ಟಗೌರಮ್ಮ. ಹಾಗೆ ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದಳು.

ಒಂದು ವಾರ ಕಳೆಯಿತು. ನಂಜುಂಡಪ್ಪ ಗೋಡೆ ಹಿಡಿದು ಜಗಲಿಯವರೆಗೆ ನಡೆಯುವಂತಾಗಿದ್ದ. ಆ ದಿನ ಪುಟ್ಟಗೌರಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಮನೆಯ ಮುಂದಿನಿಂದ ಸದ್ದು ಕೇಳಿತು. ಮಚ್ಚಿನಿಂದ ಎಳನೀರು ಕೆತ್ತುವ ಸದ್ದು. ಹೊನ್ನವಳ್ಳಿಯಲ್ಲಿ ದಿನಕ್ಕೆ ನೂರು ಸಲ ಕೇಳುವ, ಯಾರೂ ತಲೆ ಎತ್ತಿಯೂ ನೋಡದ ಸದ್ದು. ಪುಟ್ಟಗೌರಮ್ಮ ಕೈಯಲ್ಲಿದ್ದ ಪಂಚೆಯನ್ನು ಅಲ್ಲೇ ಬಿಸಾಕಿ ಓಡಿದಳು.

ತಿಮ್ಮಕ್ಕ ದಂಡಿನಶಿವರದಿಂದ ಬಸ್ಸಿಳಿದು ಆಗಷ್ಟೇ ಬಂದಿದ್ದಳು. ತಮ್ಮ ಎರಡನೇ ಸಲ ಆಸ್ಪತ್ರೆ ಸೇರಿದ್ದು ಅವಳಿಗೆ ತಡವಾಗಿ ತಿಳಿದಿತ್ತು. ಪಕ್ಕದಲ್ಲಿ ಎಳನೀರಿನ ಚೀಲ. ಒಂದು ಕೈಯಿಂದ ತಮ್ಮನ ಕತ್ತು ಆನಿಸಿ ಹಿಡಿದು, ಇನ್ನೊಂದು ಕೈಯಿಂದ ತೂತು ಮಾಡಿದ ಎಳನೀರನ್ನು ಅವನ ಬಾಯಿಗೆ ತಂದಿದ್ದಳು. “ಕುಡಿಯೋ ನಂಜುಂಡ, ಹೆಂಗ್ ಬತ್ತೋಗಿದೀಯ ನೋಡು. ಅವ್ಳು ಬರಾಗಂಟ ಒಂದೀಟು ಕುಡ್ಕ.” ಅಳೆದ ನೀರಿನಲ್ಲಿ ದಿನ ದೂಡುತ್ತಿದ್ದ ನಂಜುಂಡಪ್ಪನಿಗೆ ಬಾಯಾರಿಕೆ ತಡೆಯಲಾಗುತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ಅವನು ಬಾಯಿ ತೆರೆದಿದ್ದ.

ಪುಟ್ಟಗೌರಮ್ಮ ಎಳನೀರಿಗೆ ಬೀಸಿ ಹೊಡೆದಳು. ಅದು ಜಗಲಿಯ ಮೇಲೆ ಉರುಳಿ, ನೀರು ಚೆಲ್ಲಿಕೊಂಡು ಬೀದಿಗೆ ಬಿತ್ತು.

ತಿಮ್ಮಕ್ಕ ತಮ್ಮನ ಕತ್ತು ಬಿಟ್ಟು ಎದ್ದು ನಿಂತಳು. “ನನ್ ಕೈಮ್ಯಾಲೆ ಹೊಡುದ್ಯಾ ಗೌರಿ? ನನ್ ತಮ್ಮಂಗೆ ಒಂದು ಎಳನೀರು ಕುಡಿಸಕ್ಕೂ ನಿನ್ನಪ್ಪಣೆ ಬೇಕಾ?”

“ಬೇಕು ಕಣಕ್ಕ,” ಎಂದಳು ಪುಟ್ಟಗೌರಮ್ಮ. “ಹನ್ನೆಲ್ಡು ದಿನ ಇದೇ ಕೈಲಿ ನಾನು ಕುಡಿಸ್ದೆ. ಅದೇ ಅವ್ರ ಎದೆ ನಿಲ್ಲಿಸ್ತಿತ್ತು. ಎಳನೀರಲ್ಲಿರೋ ಸತ್ವ ಕೆಟ್ಟಿರೋ ಕಿಡ್ನಿಯಿಂದ ಹೊರಗೆ ಹೋಗಲ್ಲ, ರಕ್ತದಲ್ಲೇ ನಿಂತ್ಕತದೆ. ಆ ಹನ್ನೆರಡನೇ ರೂಮಿನ ಹುಡ್ಗಿ ಕಂಡ್ಹಿಡೀದೆ ಇದ್ದಿದ್ರೆ ಇವತ್ತು ನೀನು ಇವ್ರ ತಿಥಿಗೆ ಬರ್ಬೇಕಾಗಿತ್ತು. ನಾನು ಅರ್ಧ ಕೊಂದಿದ್ದೆ. ಮಿಕ್ಕಿದ್ದರ್ಧ ನೀನು ಮುಗುಸ್ತೀಯಾ?”

“ಎಳನೀರು ಕುಡ್ದು ಯಾರೇ ಸತ್ತವ್ರೆ?” ಎಂದು ತಿಮ್ಮಕ್ಕ ಕೂಗಿದಳು. “ನಮ್ಮಪ್ಪ ಮೂರು ತಿಂಗ್ಳು ಹಾಸಿಗೆ ಹಿಡಿದಿದ್ದ. ಕಾಲು ಮುಖ ಎಲ್ಲ ಊದ್ಕಂಡಿತ್ತು. ಆಗ್ಲೂ ನಾನೇ ದಿನಾ ಎಳನೀರು...”

ಅಲ್ಲಿಗೆ ನಿಂತಳು. ಬೀದಿಯಲ್ಲಿ ಬಿದ್ದಿದ್ದ ಎಳನೀರನ್ನು ನೋಡಿದಳು. ತಮ್ಮನ ಮತ್ತೆ ಊದಿದ್ದ ಪಾದ ನೋಡಿದಳು. ಜಗಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟಳು.

“ಗೌರಿ,” ಎಂದಳು. “ಅಪ್ಪಂಗೂ ಕಡೇಗೆ ಕಾಲು ಸೋತೋಗಿದ್ದೋ. ಎಳನೀರು ಕುಡ್ದು ಮಲಗ್ದೋನು ಏಳ್ಲಿಲ್ಲ.”

ಪುಟ್ಟಗೌರಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. “ಮಾವಂಗೆ ಏನು ಕಾಯ್ಲೆ ಇತ್ತೋ ಯಾರಿಗ್ ಗೊತ್ತಕ್ಕ? ಆಗ ಕೇಳಕ್ಕೆ ಯಾರೂ ಇರ್ಲಿಲ್ಲ. ಈಗ ಅವ್ರೆ. ನಾವೇ ರೈಲಿಗೆ ಒತ್ತಾಯ್ತು ಅಂತ ಬಂದ್ವಿ.”

ಮುಂದಿನ ತಿಂಗಳು ಬೆಂಗಳೂರಿಗೆ ತೋರಿಸಲು ಹೋದಾಗ ತಿಮ್ಮಕ್ಕನೂ ಹೊರಟಳು. ಹನ್ನೆರಡನೇ ರೂಮಿನ ಬೆಂಚಿನ ಮೇಲೆ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ರಕ್ತದ ವರದಿ ನೋಡಿದ ಶಾಂತಕುಮಾರಿ, ಪೊಟ್ಯಾಷಿಯಂ ಇಳಿದಿದೆ, ಹೀಗೇ ಇರಲಿ ಎಂದರು. ಕಿಡ್ನಿ ಮೊದಲಿನ ಹಾಗೆ ಆಗುವುದಿಲ್ಲ, ಆದರೆ ಉಳಿದಿರುವ ಶಕ್ತಿಯನ್ನು ಊಟದಿಂದಲೂ ಔಷಧಿಯಿಂದಲೂ ಜೋಪಾನ ಮಾಡಬಹುದು ಎಂದು ಬಿಡಿಸಿ ಹೇಳಿದರು. ಹೊರಡುವಾಗ ತಿಮ್ಮಕ್ಕ ಸೆರಗಿನ ಗಂಟಿನಿಂದ ಎರಡು ಕೊಬ್ಬರಿ ಗಿಟುಕು ತೆಗೆದಳು.

“ಮೊದಲ್ನೇ ಸಲ ನಿನ್ನ ನೋಡ್ದೇನೇ ಇವ್ರನ್ನ ಎಳ್ಕಂಡೋದೋಳು ನಾನೇ ಕಣವ್ವ. ಇದು ನಮ್ ತೋಟದ್ದು. ನೀನು ತಿನ್ಬೋದಾ? ನಿಂಗೇನೂ ಕಾಯ್ಲೆ ಇಲ್ವಲ್ಲ?” ಎಂದಳು.

ಆ ಮಳೆಗಾಲ ತಿಮ್ಮಕ್ಕ ಹೊನ್ನವಳ್ಳಿಯಲ್ಲೇ ಉಳಿದಳು. ದಿನವೂ ಜಗಲಿಯ ಮೇಲೆ, ಮಚ್ಚನ್ನು ತೊಡೆಯ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದಳು. ನಂಜುಂಡಪ್ಪನನ್ನು ನೋಡಲು ಎಳನೀರು ಹಿಡಿದು ಬಂದವರನ್ನೆಲ್ಲ ಅಲ್ಲೇ ತಡೆಯುತ್ತಿದ್ದಳು. ತಂದದ್ದನ್ನು ತಾನೇ ಕೆತ್ತಿ, ತಂದವರ ಕೈಗೇ ಕೊಡುತ್ತಿದ್ದಳು. “ನೀವೇ ಕುಡೀರಪ್ಪ. ನೀವು ಗಟ್ಟಿಯಾಗಿದೀರ, ನಿಮ್ಗೆ ಒಳ್ಳೇದು. ಕುಡ್ದು ಆಮ್ಯಾಕೆ ಒಳಗೋಗಿ ಮಾತಾಡ್ಸಿ.” ಕೆಲವರು ಮುನಿಸಿಕೊಂಡರು. ಹೆಚ್ಚಿನವರು ಯಾಕೆ ಎಂದು ಕೇಳಿದರು. ಕೇಳಿದವರಿಗೆಲ್ಲ ಅವಳು ತಮ್ಮನ ಕಥೆ ಹೇಳಿದಳು. ಅಪ್ಪನ ಕಥೆಯನ್ನೂ ಹೇಳಿದಳು. ಅದನ್ನು ಹೇಳುವಾಗ ಮಾತ್ರ ಮಚ್ಚನ್ನು ಕೆಳಗಿಡುತ್ತಿದ್ದಳು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯೋ ಹೃದಯದ ಕಾಯಿಲೆಯೋ ಇರಬಹುದು. ಡಾಕ್ಟರು ಆಹಾರ ತಜ್ಞರನ್ನು ನೋಡಿ ಎಂದು ಬರೆದರೆ ಆ ಬಾಗಿಲನ್ನು ದಾಟಿ ಬರಬೇಡಿ. ಅವರ ಮುಂದೆ ಕೂತಾಗ ಮುದ್ದೆ ಸಾರನ್ನು ಮಾತ್ರ ಹೇಳಬೇಡಿ. ಎಳನೀರು, ಕಷಾಯ, ಕುರುಕಲು, ನೆಂಟರು ತಂದದ್ದು, ಬಾಯಿಗೆ ಹೋದದ್ದೆಲ್ಲವನ್ನೂ ಹೇಳಿ. ನಂಜುಂಡಪ್ಪನ ಚೀಟಿಯನ್ನು ಬರೆದುಕೊಂಡು ಹೋಗಬೇಡಿ, ನಿಮ್ಮದನ್ನು ಕೇಳಿ ಬರೆಸಿಕೊಳ್ಳಿ. ಇನ್ನು ಕಾಯಿಲೆಯವರನ್ನು ನೋಡಲು ಹೊರಡುವಾಗ, ಎಳನೀರಿನ ಗೊನೆಗೆ ಮಚ್ಚು ಹಾಕುವ ಮುಂಚೆ ಆ ಮನೆಯವರನ್ನು ಒಂದು ಮಾತು ಕೇ​ಳಿ: “ಅವ್ರು ಇದ್ನ ಕುಡೀಬೋದಾ?”